ಹಂದಿಗಳ ಕಡೆಯವರು

ಕಾಡುಹಂದಿ ಬರಬಾರದು ಅಂತ ಸರ್ಕಾರ ಬೇಲಿ ಹಾಕಿತು. ಬೇಲಿಯ ಒಳಗೆ ಹೊಲಗಳು. ಹೊರಗೆ ಕಾಡು ಮತ್ತು ಹಂದಿಗಳು. ನಮ್ಮ ಹನ್ನೊಂದು ಮನೆಗಳೂ ಹೊರಗೆ.

ಇದು ಕಣ್ತಪ್ಪಿ ಆದದ್ದಲ್ಲ. ಕಂಬ ನೆಡುವ ದಿನ ನಾನೇ ಹೋಗಿ ಬೇಲಿ ಸೂಪರ್‌ವೈಸರನ್ನು ಕೇಳಿದ್ದೆ.

"ಅಣ್ಣಾ, ನಮ್ಮ ಮನೆಗಳು ಆ ಕಡೆ ಉಳಿದುಬಿಟ್ವಲ್ಲ?"

"ಬೇಲಿ ನಕ್ಷೆ ನೋಡಿ ಹೋಗುತ್ತಮ್ಮ. ನಕ್ಷೆಲಿ ಅಲ್ಲಿ ಮನೆ ಇಲ್ಲ."

"ಕಣ್ಣಿಗೆ ಕಾಣ್ತಿದೆಯಲ್ಲ. ನೋಡಿ, ಒಲೆ ಹೊಗೆ ಬರ್ತಿದೆ."

"ಹೊಗೆನೂ ನಕ್ಷೆಲಿ ಇಲ್ಲ."

"ಮತ್ತೆ ನಾವೇನ್ ಮಾಡೋದು?"

"ನೋಡೋಣ," ಅಂದ.

ಅವನು ಎಲ್ಲದಕ್ಕೂ ಹೀಗೇ ಅನ್ನುತ್ತಿದ್ದ. ನಮ್ಮ ಕೇರಿಯಲ್ಲಿ ಅವನಿಗೆ ನೋಡೋಣಪ್ಪ ಅಂತಲೇ ಹೆಸರು. ಎರಡು ವರ್ಷವಾಯಿತು, ಅವನು ಇನ್ನೂ ನೋಡಿಲ್ಲ.

ನಮ್ಮ ಜಮೀನನ್ನು ಅತ್ತೆಯ ಮಾವನ ಕಾಲದಲ್ಲಿ ಮುಳ್ಳು ಕಡಿದು, ಕಲ್ಲು ಆರಿಸಿ ಹೊಲ ಮಾಡಿದ್ದು. ಆ ಕಲ್ಲುಗಳೇ ಇವತ್ತಿಗೂ ನಮ್ಮ ಬದುಗಳು. ದಾಖಲೆಯಲ್ಲಿ ಮಾತ್ರ ಅದು ಪಾಳು. ಪಾಳು ಭೂಮಿಯಲ್ಲಿ ಬೆಳೆ ಇರುವುದಿಲ್ಲ. ಬೆಳೆ ಇಲ್ಲದ ಮೇಲೆ ಬೆಳೆಹಾನಿಯೂ ಇಲ್ಲ. ಹಂದಿ ಬಂದು ನಮ್ಮ ಜೋಳವನ್ನು ನೆಲಕ್ಕೆ ಕೆಡವಿ ಮೆದ್ದು ಹೋದರೆ, ಸರ್ಕಾರದ ಲೆಕ್ಕದಲ್ಲಿ ಅದು ಕಾಡಿನಲ್ಲಿ ಹಂದಿ ಓಡಾಡಿದ ಹಾಗೆ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಗಾದೆ ಇದೆ. ನಮ್ಮ ಬೇಲಿ ಒಂದು ತೆನೆಯನ್ನೂ ಮುಟ್ಟಲಿಲ್ಲ. ಮೇಯುವವರಿಗೆ ನಮ್ಮ ಹೊಲದ ದಾರಿ ತೋರಿಸಿತು, ಅಷ್ಟೆ. ಮೊದಲು ಹಂದಿಗಳು ಆರುನೂರು ಎಕರೆಗೆ ಹಂಚಿಕೊಂಡು ತಿನ್ನುತ್ತಿದ್ದವು. ಈಗ ಅಷ್ಟೂ ಹಂದಿಗಳು ನಮ್ಮ ಮೂವತ್ತು ಎಕರೆಗೆ ಬಂದವು. ಮೊದಲ ವರ್ಷ ಗೆಣಸು ಹೋಯಿತು. ಎರಡನೇ ವರ್ಷ ಗೆಣಸು ನೆಡಲೇ ಇಲ್ಲ, ಜೋಳ ಹಾಕಿದೆವು. ಜೋಳವೂ ಹೋಯಿತು.

ಬೇಲಿಗೆ ಒಂದು ಗೇಟು ಇಟ್ಟರು. ನಮ್ಮ ಮೇಲಿನ ಪ್ರೀತಿಗಲ್ಲ. ಒಳಗಿನ ಹೊಲಗಳಲ್ಲಿ ಕಳೆ ತೆಗೆಯುವವರು ನಾವು, ಕೊಯ್ಯುವವರು ನಾವು, ಮೂಟೆ ಹೊರುವವರು ನಾವು. ನಾವು ಒಳಗೆ ಬರದಿದ್ದರೆ ಅವರ ಕೆಲಸ ನಡೆಯುವುದಿಲ್ಲ. ಅಂಗಡಿ, ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವೂ ಒಳಗಡೆಯೇ. ಗೇಟು ಬಿಟ್ಟರೆ ಹಳ್ಳ ದಾಟಿ ಕಾಡಿನ ಅಂಚು ಹಿಡಿದು ಎರಡೂವರೆ ಗಂಟೆ ಸುತ್ತಬೇಕು. ಆ ದಾರಿಯಲ್ಲಿ ಹಂದಿಗಳೂ ನಡೆಯುತ್ತವೆ.

ಬೇಲಿಯ ತಂತಿಯಲ್ಲಿ ಕರೆಂಟು ಹರಿಯುತ್ತದೆ. ಗೇಟು ತೆರೆದರೆ ಇಡೀ ಬೇಲಿಯ ಕರೆಂಟು ಹೋಗುತ್ತದೆ. ಅದಕ್ಕೆ ವೇಳೆ ಗೊತ್ತು ಮಾಡಿದರು. ಬೆಳಿಗ್ಗೆ ಆರರಿಂದ ಎಂಟು. ಸಂಜೆ ಐದರಿಂದ ಆರು. ಮಧ್ಯೆ ಯಾರು ಬಂದರೂ ತೆರೆಯುವಂತಿಲ್ಲ. ಆ ಗೇಟಿನ ಕೀಲಿಕೈಯನ್ನು ನನಗೆ ಕೊಟ್ಟರು.

"ಆ ಕಡೆಯವಳೇ ಗೇಟಲ್ಲಿ ನಿಂತ್ರೆ ಜಗಳ ಇರಲ್ಲ," ಅಂತ ನೋಡೋಣಪ್ಪ ಯಾರಿಗೋ ಫೋನಿನಲ್ಲಿ ಹೇಳಿದ. ನನ್ನ ಎದುರಿಗೇ ಹೇಳಿದ. ನಾನು ಏಳನೇ ಕ್ಲಾಸು ಓದಿದ್ದೆ, ಬರೆಯಲು ಬರುತ್ತಿತ್ತು, ಕೆಲಸ ಬೇಕಿತ್ತು. ಒಪ್ಪಿಕೊಂಡೆ. ನಮ್ಮವರನ್ನು ನಮ್ಮವಳಿಂದಲೇ ಕೂಡಿ ಹಾಕಿಸುವುದು ಅವರಿಗೆ ಎಷ್ಟು ಸಲೀಸಾಗಿ ಹೊಳೆಯಿತು ಅಂತ ಈಗ ಯೋಚಿಸಿದರೆ ಮೈ ಉರಿಯುತ್ತದೆ. ಆಗ ಉರಿಯಲಿಲ್ಲ. ಕೇರಿಯವರು ನನ್ನನ್ನು ಗೇಟಮ್ಮ ಅಂತ ಕರೆದರು. ನಗುತ್ತಲೇ ಕರೆದರು. ನಾನೂ ನಕ್ಕೆ.

ಕೀಲಿಕೈ ಒಂದೇ ಅಲ್ಲ ನನ್ನ ಕೆಲಸ. ಬೇಲಿಯ ಒಳಮಗ್ಗುಲಲ್ಲಿ ಎರಡು ಮಾರು ಅಗಲದ ಮಣ್ಣಿನ ಪಟ್ಟಿ ಇದೆ. ದಿನಾ ಮಧ್ಯಾಹ್ನ ಅದನ್ನು ನಯ ಮಾಡಬೇಕು. ಒಂದು ಹಲಗೆ, ಅದರ ಮೇಲೆ ಎರಡು ಕಲ್ಲು, ಹಲಗೆಗೆ ಹಗ್ಗ. ಆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಗೇಟಿನಿಂದ ಮೋರಿಯವರೆಗೆ ಎಳೆಯಬೇಕು. ಹೋಗಲು ಒಂದು ಗಂಟೆ, ಬರಲು ಇನ್ನೊಂದು ಗಂಟೆ. ಎತ್ತಾದರೆ ಬಾಲ ಬೀಸಿಕೊಳ್ಳಬಹುದು, ನೊಣ ಓಡುತ್ತವೆ. ನನಗೆ ಎರಡು ಕೈಯೂ ಹಗ್ಗದಲ್ಲೇ. ಸೊಂಟದ ಎಡಗಡೆ ಚರ್ಮ ಸುಲಿದು, ಒಣಗಿ, ಮತ್ತೆ ಸುಲಿದು, ಕೊನೆಗೆ ಅಂಗಾಲಿನ ಹಾಗೆ ಗಟ್ಟಿಯಾಯಿತು. ಈಗ ಚಿವುಟಿದರೂ ಗೊತ್ತಾಗುವುದಿಲ್ಲ.

ಬೆಳಿಗ್ಗೆ ಆ ಪಟ್ಟಿಯ ಉದ್ದಕ್ಕೂ ಬಗ್ಗಿ ನಡೆದು ಹೆಜ್ಜೆಗುರುತು ಹುಡುಕಬೇಕು. ಹಂದಿಯ ಹೆಜ್ಜೆಯಲ್ಲಿ ಎರಡು ಗೊರಸು, ಹಿಂದೆ ಎರಡು ಸಣ್ಣ ಚುಕ್ಕೆ. ಜಿಂಕೆಗೆ ಸಾಮಾನ್ಯವಾಗಿ ಚುಕ್ಕೆ ಬೀಳುವುದಿಲ್ಲ. ಹಂದಿ ಬಂದಿದ್ದರೆ ಎಷ್ಟು ಅಂತ ಪುಸ್ತಕದಲ್ಲಿ ಬರೆಯಬೇಕು. ಬಾರದಿದ್ದರೆ ಸೊನ್ನೆ.

ನಾನು ಪ್ರಾಮಾಣಿಕವಾಗಿ ಬರೆದೆ. ಒಂದು ಹೆಜ್ಜೆ ಮುಚ್ಚಿಡಲಿಲ್ಲ, ಒಂದು ಹೆಚ್ಚು ಬರೆಯಲಿಲ್ಲ. ಎರಡು ವರ್ಷ ದಿನಾ ಸೊನ್ನೆ. ನಾಲ್ಕು ಸಲ ಮಾತ್ರ ಸಂಜೆ ಗೇಟು ತೆರೆದಿದ್ದಾಗ ಜನರ ಮಧ್ಯೆ ನುಗ್ಗಿ ಹಂದಿ ಒಳಗೆ ಹೋಗಿತ್ತು. ಅದನ್ನೂ ಬರೆದೆ. ದುಂಡಗೆ ಸೊನ್ನೆ ಬರೆಯುವಾಗ ನನಗೆ ಹೆಮ್ಮೆ ಇತ್ತು. ಬೆನ್ನ ಹಿಂದೆ, ಬೇಲಿಯ ಆಚೆ, ಅದೇ ಹೊತ್ತಿಗೆ ನನ್ನ ಹೊಲ ನೆಲಸಮ ಆಗಿರುತ್ತಿತ್ತು. ಅದನ್ನು ಬರೆಯಲು ಪುಸ್ತಕದಲ್ಲಿ ಗೆರೆ ಇರಲಿಲ್ಲ. ಗೆರೆ ಇಲ್ಲ ಅನ್ನುವುದೇ ನನ್ನ ದಡ್ಡ ತಲೆಗೆ ಎರಡು ವರ್ಷ ಹೊಳೆಯಲಿಲ್ಲ.

ಅತ್ತೆಯನ್ನು ಹಂದಿ ಹೊಡೆದದ್ದು ಹಾಡುಹಗಲು, ಮೂರು ಗಂಟೆಗೆ.

ಜೋಳ ಹಾಲುಗಾಳಾಗಿತ್ತು. ಅತ್ತೆ ಡಬ್ಬ ಬಡಿಯುತ್ತ ಹೊಲದಲ್ಲಿ ಕೂತಿದ್ದರು. ಮರಿಗಳ ಜೊತೆ ಬಂದ ಹೆಣ್ಣು ಹಂದಿ ಡಬ್ಬದ ಸದ್ದಿಗೆ ಓಡಲಿಲ್ಲ, ತಿರುಗಿ ಬಿತ್ತು. ತೊಡೆಯನ್ನು ಮಂಡಿಯವರೆಗೆ ಸೀಳಿತು. ಅಂದು ಕೂಲಿ ಇಲ್ಲದೆ ಮನೆಯಲ್ಲಿದ್ದ ನನ್ನ ಗಂಡನೂ ಪಕ್ಕದ ಮನೆಯವರೂ ಕಂಬಳಿಯಲ್ಲಿ ಹಾಕಿಕೊಂಡು ಗೇಟಿಗೆ ಓಡಿ ಬಂದರು.

ನಾನು ಒಳಗಡೆ, ಗೇಟಿನ ಹತ್ತಿರವೇ, ಬೇಲಿಯ ಬುಡದಲ್ಲಿ ಬೆಳೆದ ಬಳ್ಳಿ ಕೊಯ್ಯುತ್ತಿದ್ದೆ. ಕೀಲಿಕೈ ಸೊಂಟದಲ್ಲಿತ್ತು.

ನಾನು ಮಾಡಿದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬೀಗಕ್ಕೆ ಕೈ ಹಾಕಲಿಲ್ಲ. ಮೊದಲು ಫೋನ್ ಹಾಕಿದೆ.

"ಅಣ್ಣಾ, ನಮ್ಮತ್ತೆಗೆ ಹಂದಿ ಹೊಡೆದಿದೆ. ರಕ್ತ ನಿಲ್ತಿಲ್ಲ. ಗೇಟು ತೆಗೀತೀನಿ."

"ಏಯ್, ತಡಿ ತಡಿ. ಹಂದಿಗಳು ಅಲ್ಲೇ ಇದಾವೆ ಅಂತೀಯ. ಲೈನ್ ಆಫ್ ಆದ್ರೆ ಎಲ್ಲ ಒಳಗೆ ಬರ್ತಾವೆ. ಆಫೀಸಿಗೆ ಕೇಳಿ ಹೇಳ್ತೀನಿ, ಇರು."

"ಅಣ್ಣಾ, ರಕ್ತ..."

"ಇರು ಅಂದ್ನಲ್ಲ. ಕೆಲಸ ಬೇಕೋ ಬೇಡ್ವೋ?"

ನಾನು ನಿಂತೆ. ಕೆಲಸದ ಭಯಕ್ಕೆ ನಿಂತೆ. ಬೇರೆ ಏನೂ ಕಾರಣ ಇಲ್ಲ. ತಂತಿಯ ಆಚೆ ನನ್ನ ಗಂಡ ಏನೇನೋ ಕೂಗುತ್ತಿದ್ದ, ನನ್ನ ಅಪ್ಪ ಅಮ್ಮನನ್ನೆಲ್ಲ ಬೈದ. ಅತ್ತೆ ಬೈಯಲಿಲ್ಲ. ನೆಲದಲ್ಲಿ ಮಲಗಿ ನನ್ನ ಸೊಂಟವನ್ನೇ ನೋಡಿದರು.

"ಕೀ ನಿನ್ನ ಹತ್ರನೇ ಇದೆಯಲ್ಲೇ," ಅಂದರು.

ಅರ್ಧ ಗಂಟೆ ಆದ ಮೇಲೆ ಫೋನ್ ಬಂತು. ತೆರೆದೆ.

ಅತ್ತೆ ಬದುಕಿದರು. ಕಾಲು ಮಾತ್ರ ಮಡಚುವುದಿಲ್ಲ. ರಕ್ತ ಹೋಗಿದ್ದು ಜಾಸ್ತಿ ಆಯಿತು, ಒಂದಿಷ್ಟು ಬೇಗ ಬಂದಿದ್ದರೆ ಚೆನ್ನಾಗಿತ್ತು ಅಂದರು ಆಸ್ಪತ್ರೆಯಲ್ಲಿ. ಮನೆಗೆ ಬಂದ ಮೇಲೆ ಅತ್ತೆ ಆ ವಿಷಯ ಎತ್ತಲಿಲ್ಲ. ನಾನೇ ಒಂದು ದಿನ ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

"ಅಳಬೇಡ," ಅಂದರು. "ಹಂದಿಗೆ ಟೈಮ್ ಗೊತ್ತಿಲ್ಲ, ನಿಂಗೆ ಗೊತ್ತು. ನಿನ್ನ ಓದಿಸಿದ್ದು ದಂಡ ಆಗ್ಲಿಲ್ಲ ಬಿಡು."

ಬೈದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳ ಮೇಲೆ ಮೌಲ್ಯಮಾಪನ ಅಂತ ಬಂತು. ಹಂದಿ ಹಾವಳಿ ತಡೆಯಲು ಸರ್ಕಾರ ಮಾಡಿದ ಕೆಲಸ ಎಷ್ಟು ಫಲ ಕೊಟ್ಟಿದೆ ಅಂತ ನೋಡುವುದಕ್ಕೆ ನಗರದಿಂದ ಒಬ್ಬ ಮೇಡಂ ಬರುತ್ತಾರೆ ಅಂತ ನೋಡೋಣಪ್ಪ ಹೇಳಿದ. ನನಗೆ ಆಸೆ ಹುಟ್ಟಿತು. ಸುಳ್ಳು ಯಾಕೆ, ಬಹಳ ಆಸೆ ಹುಟ್ಟಿತು. ಬೇಲಿಯನ್ನು ನಮ್ಮ ಮನೆಗಳ ಆಚೆಗೆ ಸರಿಸಿದರೆ ಸಾಕು. ಮುನ್ನೂರು ಮಾರು ಜಾಗ. ಒಬ್ಬರು ಬಂದು ಕಣ್ಣಲ್ಲಿ ನೋಡಿದರೆ ಅರ್ಥವಾಗುವ ಮಾತು.

ಹಿಂದಿನ ದಿನ ನೋಡೋಣಪ್ಪ ಪಾಠ ಹೇಳಿಕೊಟ್ಟ.

"ಕೇಳಿದ್ದಕ್ಕಷ್ಟೇ ಹೇಳು. ಚೆನ್ನಾಗಿದೆ ಅನ್ನು. ನಿಮ್ಮತ್ತೆ ಪುರಾಣ ತೆಗೀಬೇಡ."

"ಪುರಾಣ ಅಲ್ಲ ಅಣ್ಣಾ, ಕಾಲು."

"ಅದೇ, ಕಾಲಿನ ಪುರಾಣ."

ಬ್ಯಾಟರಿ ಕೋಣೆಯಲ್ಲಿ ಮೇಡಮ್ಮಿಗೆ ಕುರ್ಚಿ ಹಾಕಿದ್ದರು. ಆ ಕೋಣೆಯಲ್ಲಿ ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿರುತ್ತದೆ. ಕಾಲಲ್ಲಿ ಮಣ್ಣಿದೆ ಅಂತ ನನ್ನನ್ನು ಹೊಸಿಲಲ್ಲೇ ನಿಲ್ಲಿಸಿದರು. ಮಧ್ಯಾಹ್ನ ಹಲಗೆ ಎಳೆದು ಹಾಗೇ ಬಂದಿದ್ದೆ, ಹಗ್ಗ ಇನ್ನೂ ಸೊಂಟದಲ್ಲಿತ್ತು. ಮೇಡಂ ಕೆಟ್ಟವರಲ್ಲ. ಸಣ್ಣ ವಯಸ್ಸು, ಮೆತ್ತಗಿನ ಮಾತು. ತೊಡೆಯ ಮೇಲೆ ಹಲಗೆಯಂಥ ಫೋನು. ನನ್ನ ಪುಸ್ತಕ ಪೂರ್ತಿ ತಿರುವಿ ನೋಡಿದರು.

"ತುಂಬಾ ಅಚ್ಚುಕಟ್ಟಾಗಿ ಬರೆದಿದೀರಮ್ಮ. ಇಷ್ಟು ಒಳ್ಳೆ ಲೆಕ್ಕ ನಾನು ಎಲ್ಲೂ ನೋಡಿಲ್ಲ. ಏಳುನೂರು ದಿನದಲ್ಲಿ ನಾಲ್ಕೇ ಸಲ! ಹಂದಿ ಹಾವಳಿ ನಿಂತೇ ಹೋಗಿದೆ."

"ನಿಂತಿಲ್ಲ ಮೇಡಂ. ನಮ್ಮ ಕಡೆ ಬಂದಿದೆ."

"ನಿಮ್ಮ ಜಮೀನಿನ ದಾಖಲೆ ಇದೆಯಾ?"

"ಇಲ್ಲ."

ಮೇಡಂ ಬೆರಳಲ್ಲಿ ಏನೋ ಒತ್ತಿದರು. "ದಾಖಲೆ ಇಲ್ಲ ಅಂದ್ರೆ ಮುಂದಿನ ಪ್ರಶ್ನೆಗಳು ತೆರೆಯೋದೇ ಇಲ್ಲ ಇದರಲ್ಲಿ."

"ನೀವು ಒಂದು ಸಲ ಗೇಟಿನ ಆಚೆ ಬನ್ನಿ ಮೇಡಂ. ಐದು ನಿಮಿಷ. ಇಲ್ಲೇ ಕಾಣುತ್ತೆ."

ಅವರು ನೋಡೋಣಪ್ಪನ ಮುಖ ನೋಡಿದರು. ಅವನು ಗಡಿಯಾರ ನೋಡಿದ.

"ಈಗ ಗೇಟ್ ಟೈಮ್ ಅಲ್ಲ ಮೇಡಂ."

ಬೀಗ ತೆರೆಯುವವಳು ನಾನು. ಎದುರಲ್ಲೇ ನಿಂತಿದ್ದೇನೆ. ಆದರೂ ಕೀಲಿಕೈಗೆ ಕೈ ಹಾಕಲಿಲ್ಲ. ಆ ಹೊತ್ತಿಗೂ ನನ್ನೊಳಗೆ ನಾಯಿಯಂಥದೊಂದು ಬಾಲ ಮಡಚಿ ಕೂತಿತ್ತು.

"ನಮಗೆ ಫಲಾನುಭವಿ ಪ್ರದೇಶ ಮಾತ್ರ ನೋಡೋಕೆ ಹೇಳಿರೋದು," ಅಂದರು ಮೇಡಂ, ತುಸು ನಾಚಿಕೆಯಿಂದಲೇ. "ಕೊನೆಗೆ ಇತರೆ ಅನಿಸಿಕೆ ಅಂತ ಒಂದು ಜಾಗ ಇದೆ. ಅಲ್ಲಿ ನಿಮ್ಮ ಮಾತು ಹಾಕ್ತೀನಿ. ಹೇಳಿ."

ಹೇಳಿದೆ. ಮೊದಲು ಗೆಣಸು ಹೋದದ್ದು, ಆಮೇಲೆ ಜೋಳ. ಮುನ್ನೂರು ಮಾರು ಸರಿಸಿದರೆ ಸಾಕು ಅಂತ. ಗೇಟಿನ ವೇಳೆಯಿಂದ ಜನರಿಗೆ ತೊಂದರೆ ಅಂತ. ಅತ್ತೆಯ ಕಾಲಿಗೆ ಬರುವ ಹೊತ್ತಿಗೆ ಮೇಡಂ ಕೈ ಎತ್ತಿದರು.

"ಇನ್ನೂರು ಅಕ್ಷರ ಅಷ್ಟೇ ಹಿಡಿಸೋದು. ತುಂಬಿಹೋಯ್ತು."

"ಕಾಲು ಬರಲಿಲ್ವಾ?"

"ಇಲ್ಲಮ್ಮ."

ಹೋಗುವಾಗ ಫೋಟೋ ತೆಗೆದರು. ಹಗ್ಗ, ಹಲಗೆ, ಹಿಂದೆ ಒಳಗಿನವರ ಎತ್ತರದ ಜೋಳ. "ಸ್ವಲ್ಪ ನಗಿ," ಅಂದರು. ನಕ್ಕೆ. ಯಾರಾದರೂ ನಗು ಅಂದರೆ ನಗುವುದು ನಮಗೆ ರೂಢಿಯಾಗಿದೆ.

ವರದಿ ಬಂದಾಗ ನೋಡೋಣಪ್ಪ ತಾನೇ ತಂದು ತೋರಿಸಿದ. ಹೊಳೆಯುವ ಪುಸ್ತಕ. ರಟ್ಟಿನ ಮೇಲೆ ನಾನು. ಕೆಳಗೆ ಬರೆದಿತ್ತು: ಬೇಲಿಯ ರಕ್ಷಣೆಯಲ್ಲಿ ನೆಮ್ಮದಿ ಕಂಡ ರೈತ ಮಹಿಳೆ.

"ಫೇಮಸ್ ಆಗ್ಬಿಟ್ಟೆ ನೀನು," ಅಂತ ನಕ್ಕ.

"ಒಳಗೆ ಏನಿದೆ?"

ಅವನು ಓದಿದ. ಯೋಜನೆ ಯಶಸ್ವಿ. ಹಂದಿ ಒಳಬಂದ ನಾಲ್ಕು ಪ್ರಸಂಗಗಳೂ ಗೇಟಿನ ಮೂಲಕವೇ ನಡೆದಿವೆ ಎಂದು ದೈನಂದಿನ ಪುಸ್ತಕದಿಂದ ಸ್ಪಷ್ಟ. ಗೇಟಿನ ಬಗ್ಗೆ ಸ್ಥಳೀಯರಿಂದಲೂ ದೂರು ಇದೆ. ಆದ್ದರಿಂದ ಗೇಟನ್ನು ಶಾಶ್ವತವಾಗಿ ಮುಚ್ಚುವುದು ಸೂಕ್ತ.

ನಾನು ಇನ್ನೊಂದು ಸಲ ಓದು ಅಂದೆ. ಓದಿದ. ನನ್ನ ಸೊನ್ನೆಗಳು, ನನ್ನ ನಾಲ್ಕು ಹೆಜ್ಜೆಗಳು, ನನ್ನ ಇನ್ನೂರು ಅಕ್ಷರ. ಒಂದೂ ಬಿಡದೆ ಎಲ್ಲವನ್ನೂ ತೆಗೆದುಕೊಂಡಿದ್ದರು. ನನ್ನ ಕೈಬರಹದಲ್ಲೇ ನಮ್ಮನ್ನು ಮುಚ್ಚಿದ್ದರು.

"ಮತ್ತೆ ನಾವು ಹೇಗೆ ಬರೋದು ಹೋಗೋದು?"

"ಹಳ್ಳದ ಕಡೆ ದಾರಿ ಇದೆಯಲ್ಲ. ಕೂಲಿಗೂ ಅಲ್ಲೇ ಬನ್ನಿ."

"ಅತ್ತೆ ಹೇಗೆ ಹೋಗ್ತಾರೆ ಆ ದಾರೀಲಿ? ಗಾಯ ತೋರಿಸೋಕೆ ವಾರಕ್ಕೊಂದು ಸಲ ಹೋಗ್ಬೇಕು."

"ನೋಡೋಣ," ಅಂದ. ಆಮೇಲೆ ದನಿ ತಗ್ಗಿಸಿದ. "ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ. ಬ್ಯಾಟರಿ ಕೋಣೆ ಪಕ್ಕ ಒಂದು ಖಾಲಿ ಕೋಣೆ ಇದೆ. ನೀನು ನಿನ್ನ ಗಂಡ ಬಂದು ಇರಿ. ನಿಂದು ಒಳ್ಳೆ ಹೆಸರಿದೆ ಮೇಲಿನವರ ಹತ್ರ."

ಅದನ್ನು ಮನೆಯಲ್ಲಿ ಹೇಳಿದೆ. ಅತ್ತೆ ಹೊಲದಲ್ಲಿ ತಾನಾಗಿ ಚಿಗುರಿದ ಬೀಳುಗೆಣಸು ಹೆರೆಯುತ್ತಿದ್ದರು, ಹಂದಿ ಬಿಟ್ಟು ಹೋದ ತುಂಡುಗಳು.

"ಹೋಗಿ," ಅಂದರು. "ಇಬ್ಬರಾದ್ರೂ ಮನುಷ್ಯರ ಕಡೆ ಇರಿ."

ಚುಚ್ಚಿ ಹೇಳಿದರೋ, ನಿಜವಾಗಿ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ವೆಲ್ಡಿಂಗ್ ಮಾಡುವವನು ಬಂದದ್ದು ಸಂಜೆ ಐದೂವರೆಗೆ. ನಮ್ಮವರೆಲ್ಲ ಕೂಲಿ ಮುಗಿಸಿ ಹೊರಗೆ ದಾಟಲಿ, ಆಮೇಲೆ ಬೆಸುಗೆ ಹಾಕು ಅಂತ ಹೇಳಿ ಕರೆಸಿದ್ದರು. ಜನ ಗೇಟು ದಾಟಿದರು. ಒಬ್ಬೊಬ್ಬರೂ ದಾಟಿ, ಆಚೆ ನಿಂತು, ತಿರುಗಿ ನೋಡಿದರು. ಯಾರೂ ಮನೆಗೆ ಹೋಗಲಿಲ್ಲ. ಗೇಟು ತೆರೆದಿತ್ತು, ಕರೆಂಟು ಇರಲಿಲ್ಲ.

"ಬೀಗ ಕೀ ಕೊಡು," ಅಂತ ನೋಡೋಣಪ್ಪ ಕೈ ಚಾಚಿದ. "ಇನ್ನು ಅದರ ಕೆಲಸ ಇಲ್ಲ."

ವೆಲ್ಡಿಂಗಿನವನು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದ. ಅವನಿಗೆ ಬೆಳಕು ಇರುವಾಗಲೇ ಮುಗಿಸಬೇಕಿತ್ತು.

"ಅಕ್ಕ, ಗೇಟಿನ ಮಧ್ಯೆ ನಿಂತಿದೀರ. ಈ ಕಡೆನಾ, ಆ ಕಡೆನಾ? ಯಾವ್ದಾದ್ರೂ ಒಂದು ಕಡೆ ಸರೀರಿ."

ನಾನು ಕೂತೆ.

ಯೋಚಿಸಿ ಕೂತದ್ದಲ್ಲ. ಕಾಲು ತಾನಾಗಿ ಮಡಚಿತು. ಗೇಟಿನ ಎರಡು ಕಂಬದ ಮಧ್ಯೆ, ಕಬ್ಬಿಣದ ಪಟ್ಟಿಯ ಮೇಲೆ.

"ಏಯ್, ಏನಿದು ನಾಟಕ? ಏಳು."

"ಏಳಲ್ಲ."

"ಕೆಲಸ ಹೋಗುತ್ತೆ."

"ಹೋಗಲಿ."

ಆ ಮಾತು ಎಷ್ಟು ಹಗುರವಾಗಿ ಬಂತು ಅಂದರೆ ನನಗೇ ಸಿಟ್ಟು ಬಂತು. ಇಷ್ಟು ಸುಲಭವಾಗಿದ್ದ ಮಾತನ್ನು ಅತ್ತೆ ರಕ್ತದಲ್ಲಿ ಬಿದ್ದಿದ್ದಾಗ ಯಾಕೆ ಆಡಲಿಲ್ಲ ನಾನು? ಅರ್ಧ ಗಂಟೆ ನಿಂತೆನಲ್ಲ, ಮರದ ಕೊರಡಿನ ಹಾಗೆ! ನಾನು ಅಲ್ಲೇ ಜೋರಾಗಿ ಅತ್ತುಬಿಟ್ಟೆ. ಅಳುತ್ತಲೇ ಅವನಿಗೆ ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಎರಡು ವರ್ಷ ಅಣ್ಣಾ ಅಂದಿದ್ದನ್ನೆಲ್ಲ ವಾಪಸು ತೆಗೆದುಕೊಂಡೆ.

ನೋಡೋಣಪ್ಪ ನನ್ನ ತೋಳು ಹಿಡಿದು ಎಳೆದ. ನನ್ನ ಗಂಡ ಮುಂದೆ ಬಂದ. ಅವನನ್ನು ಹೊಡೆಯಲಿಲ್ಲ, ನನ್ನ ಪಕ್ಕದಲ್ಲಿ ಕೂತ. ಪಕ್ಕದ ಮನೆಯವರು ಕೂತರು. ಕೋಲೂರಿಕೊಂಡು ಅತ್ತೆ ಬಂದರು, ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಸರಿ ಆಚೆ," ಅಂದರು ನನಗೆ. "ನಂಗೆ ಕಾಲು ಚಾಚೋಕೆ ಜಾಗ ಬೇಕು."

ವೆಲ್ಡಿಂಗಿನವನು ತನ್ನ ಯಂತ್ರ ಆಫ್ ಮಾಡಿ ಒಂದು ಕಲ್ಲಿನ ಮೇಲೆ ಕೂತ. "ಮನುಷ್ಯರನ್ನ ಸೇರಿಸಿ ಬೆಸುಗೆ ಹಾಕೋಕೆ ನಂಗೆ ಬರಲ್ಲ ಸಾರ್," ಅಂದ.

ನೋಡೋಣಪ್ಪ ಆಫೀಸಿಗೆ ಫೋನ್ ಹಾಕಿದ. ಆಫೀಸು ಮುಚ್ಚಿತ್ತು. ಒಳಗಿನ ಹೊಲದ ಯಜಮಾನರು ಇಬ್ಬರು ಮೂವರು ಓಡಿ ಬಂದರು. ಆರು ಗಂಟೆ ಮೀರಿತ್ತು. ಬೇಲಿಯ ಕರೆಂಟು ಸತ್ತು ಒಂದು ಗಂಟೆಯ ಮೇಲಾಗಿತ್ತು. ನಮ್ಮ ಹಾಳು ಹೊಲದ ಅಂಚಿನ ಪೊದೆಗಳು ಅಲುಗಾಡತೊಡಗಿದವು. ಮೊದಲು ಒಂದು ಮೂತಿ, ಆಮೇಲೆ ಬೆನ್ನುಗಳು. ನಮ್ಮಲ್ಲಿ ತಿನ್ನಲು ಏನೂ ಉಳಿದಿರಲಿಲ್ಲ. ಅವು ಗಾಳಿ ಮೂಸುತ್ತ ಬೇಲಿಯ ಕಡೆ ಬಂದವು. ನನ್ನ ಬೆನ್ನು ಅವುಗಳ ಕಡೆ ಇತ್ತು. ಹಿಂದೆ ಹಂದಿ, ಮುಂದೆ ಇವರು.

"ಏಳ್ರೋ!" ಅಂತ ಕೂಗಿದ ಒಬ್ಬ ಯಜಮಾನ. "ಕರೆಂಟ್ ಇಲ್ಲ. ಅಲ್ಲಿ ಬರ್ತಿವೆ ನೋಡಿ! ಕೊಯ್ಲಿಗೆ ಬಂದಿರೋ ಪೈರು. ಒಂದು ಸಲ ನುಗ್ಗಿದ್ರೆ ಬೆಳಗಾಗೋದ್ರಲ್ಲಿ ಏನೂ ಉಳಿಯಲ್ಲ. ಗೊತ್ತಾ ನಿಮಗೆ?"

ಯಾರೂ ಏಳಲಿಲ್ಲ.

"ಗೊತ್ತು," ಅಂದರು ಅತ್ತೆ.